ಅಳಿದುಳಿದವಳು

ಸತ್ತ ಮೇಲೂ ಆಟದೊಳಗೆ ಉಳಿಯಬೇಕೆಂದು ಆಟಗಾರರು ಕೇಳುವುದು ನನಗೆ ಹೊಸತಾಗಿರಲಿಲ್ಲ. ವರ್ಷಕ್ಕೆ ಇಬ್ಬರು ಮೂವರಾದರೂ ಕೇಳುತ್ತಿದ್ದರು. ಹೆಚ್ಚಿನವರು ಕಾಲೇಜು ಹುಡುಗರು. ಕತ್ತಿ ತಾಗಬಾರದು, ವಿಷ ಏರಬಾರದು, ಕಂಡವರು ಹೆದರಿ ಓಡಬೇಕು, ಅಷ್ಟೇ ಅವರ ಆಸೆ. ಅಂಥವರಿಗೆ ನನ್ನ ಬಳಿ ಸಿದ್ಧ ಉತ್ತರವೊಂದಿತ್ತು. ಆಗಲಿ, ಆದರೆ ಇನ್ನು ಮೇಲೆ ನಿನಗೆ ಯಾವ ಊರೂ ಬಾಗಿಲು ತೆರೆಯುವುದಿಲ್ಲ. ಹಬ್ಬದ ಪಂಕ್ತಿಯಲ್ಲಿ ನಿನಗೆ ಎಲೆಯಿಲ್ಲ. ತಿಂದರೆ ರುಚಿಯಿಲ್ಲ, ಬೆಂಕಿಯ ಮುಂದೆ ಕೂತರೆ ಬಿಸಿಯಿಲ್ಲ. ಒಮ್ಮೆ ಹೋದರೆ ಹಿಂದಿರುಗುವ ದಾರಿಯೂ ಇಲ್ಲ. ಇಷ್ಟು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ಬೇಡವೆನ್ನುತ್ತಿದ್ದರು. ಉಳಿದೊಬ್ಬ ಕಾಲು ಗಂಟೆ ಸ್ಮಶಾನದಲ್ಲಿ ಅಲೆದು, ಬೇಸರ ಬಂದು, ಬೇರೆ ಪಾತ್ರ ಕೊಡಿ ಎನ್ನುತ್ತಿದ್ದ.

ಮಂಗಳಗೌರಿ ಕೇಳಿದಾಗಲೂ ನಾನು ಅದನ್ನೇ ಹೇಳಿದೆ. ಅವಳು ಬೇಡವೆನ್ನಲಿಲ್ಲ.

ಇದು ಕತ್ತಿಗೆ ಕಟ್ಟಿಕೊಂಡು ಆಡುವ ಕತ್ತುಪಟ್ಟಿ ಬಂದು ಏಳೆಂಟು ವರ್ಷವಾದ ಕಾಲದ ಮಾತು. ಮೈಸೂರಿನಲ್ಲಿ ಮುಚ್ಚಿಹೋಗಿದ್ದ ಒಂದು ಚಿತ್ರಮಂದಿರದ ಬಾಲ್ಕನಿಯನ್ನು ಆಟದ ಮನೆಯಾಗಿ ಮಾಡಿದ್ದರು. ಹಳೆಯ ಸೀಟುಗಳನ್ನು ಕಿತ್ತು, ಒರಗಿ ಮಲಗುವಂಥ ಎಂಟು ಕುರ್ಚಿ ಹಾಕಿದ್ದರು. ಹಿಂದೆ ರೀಲು ಓಡಿಸುತ್ತಿದ್ದ ಕೋಣೆಯೇ ನಮ್ಮ ನಿಯಂತ್ರಣ ಕೊಠಡಿ. ಅಲ್ಲಿ ಮೈಕಿನ ಮುಂದೆ ನಾನು, ಯಂತ್ರಗಳ ಮುಂದೆ ಜುಬೇರ್. ನನ್ನ ಹೆಸರು ಚಂದ್ರಮತಿ. ಮೂವತ್ತು ವರ್ಷ ರೇಡಿಯೋ ನಾಟಕಗಳಿಗೆ ದನಿ ಕೊಟ್ಟು ನಿವೃತ್ತಳಾದ ಮೇಲೆ ಈ ಕೆಲಸಕ್ಕೆ ಬಂದವಳು. ಆಟ ನಡೆಸುವವರನ್ನು ಸೂತ್ರಧಾರರೆನ್ನುತ್ತಿದ್ದರು. ನಮ್ಮ ಆಟಗಾರರು ಅದನ್ನು ಮೊಟಕು ಮಾಡಿ ನನ್ನನ್ನು ಸೂತ್ರಮ್ಮ ಅನ್ನುತ್ತಿದ್ದರು.

ಆಟ ನಡೆಯುತ್ತಿದ್ದ ಸೀಮೆಯ ಹೆಸರು ಅರವತ್ತೂರು. ಕೋಟೆ, ಮಾಟಗಾತಿ, ರಕ್ಕಸರಿರುವ ನಾಡು. ಅಲ್ಲಿ ಏನು ಮಾಡಬೇಕೆಂದು ಆಟಗಾರರು ತೀರ್ಮಾನಿಸುತ್ತಾರೆ. ಮಾಡಿದ್ದರಿಂದ ಏನಾಯಿತೆಂದು ಹೇಳುವವಳು ನಾನು. ಹೊಳೆಯ ನೀರು ಕೊರೆಯುತ್ತಿದೆ ಎಂದು ನಾನು ಹೇಳಿದರೆ, ಯಂತ್ರ ಆ ಕೊರೆತವನ್ನು ಕತ್ತುಪಟ್ಟಿಯ ಮೂಲಕ ಅವರ ನರಗಳಿಗೆ ಇಳಿಸುತ್ತಿತ್ತು. ರೊಟ್ಟಿಯ ಬಿಸಿ, ಹಗ್ಗದ ತರಿ, ಓಡಿದ ಆಯಾಸ ಎಲ್ಲವೂ ಹಾಗೆಯೇ.

ಪಟ್ಟಿಗೆ ಇನ್ನೊಂದು ಕೆಲಸವೂ ಇತ್ತು. ಕುದುರೆಯ ಮೇಲೆ ಹೋಗುತ್ತಿರುವವನಿಗೆ ಬೆನ್ನ ಕೆಳಗೆ ಕುರ್ಚಿ ತಾಗುತ್ತಿದ್ದರೆ ಆಟ ಕೆಡುತ್ತದೆ. ಆದ್ದರಿಂದ ನಿಜವಾದ ಮೈಯಿಂದ ಮಿದುಳಿಗೆ ಹೋಗುವ ಸುದ್ದಿಯನ್ನು ಅದು ಕತ್ತಿನ ಹತ್ತಿರ ತಡೆಹಿಡಿಯುತ್ತಿತ್ತು. ಜುಬೇರ್ ಇದನ್ನು ಕೆರೆಯ ತೂಬಿಗೆ ಹೋಲಿಸುತ್ತಿದ್ದ. ಮಾಮೂಲಿ ಆಟಗಾರರಿಗೆ ತೂಬು ಮುಕ್ಕಾಲು ಮುಚ್ಚಿರುತ್ತಿತ್ತು. ಸತ್ತ ಪಾತ್ರಗಳಿಗೆ ಮಾತ್ರ ಪೂರ್ತಿ. ಸತ್ತವನಿಗೆ ತಾನು ಸತ್ತದ್ದು ಮೈಗೇ ಗೊತ್ತಾಗಲಿ ಎಂದು ಆಟ ಕಟ್ಟಿದವರು ಹಾಗೆ ಮಾಡಿದ್ದರು. ಸತ್ತವರು ಎರಡು ನಿಮಿಷ ಹಾಗಿದ್ದು ಹೊರಗೆ ಬರುತ್ತಿದ್ದರು. ಸತ್ತೂ ಆಟದಲ್ಲಿ ಉಳಿಯಬಯಸುವವರಿಗಾಗಿ ಅಳಿದುಳಿದವರು ಎಂಬ ಒಂದು ಬಗೆಯೂ ಇತ್ತು. ಅವರಿಗೆ ಕಣ್ಣು ಕಿವಿ ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ.

ಮಂಗಳಗೌರಿಗೆ ಆಗ ಮೂವತ್ತಾರು ವರ್ಷ. ನಗರದ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವಳು. ನಾಲ್ಕು ವರ್ಷದ ಹಿಂದೆ ಗಂಡನ ಸ್ಕೂಟರಿನ ಹಿಂದೆ ಕೂತು ರಿಂಗ್ ರಸ್ತೆಯಲ್ಲಿ ಹೋಗುತ್ತಿದ್ದಾಗ ಮರಳಿನ ಮೇಲೆ ಚಕ್ರ ಜಾರಿತ್ತು. ಗಂಡ ಮಾದೇಶನಿಗೆ ಮೊಣಕಾಲು ತರಚಿತು. ಇವಳು ಬಲಭುಜ ಕೊಟ್ಟು ಬಿದ್ದಳು. ಆ ತೋಳಿನ ನರಗಳು ಬೆನ್ನುಹುರಿಯಿಂದ ಬೇರುಸಹಿತ ಕಿತ್ತು ಬಂದಿದ್ದವು. ಅಂದಿನಿಂದ ಕೈ ಜೋತುಬಿದ್ದಿತ್ತು. ಚಿವುಟಿದರೆ ತಿಳಿಯುತ್ತಿರಲಿಲ್ಲ, ಎತ್ತಲು ಬರುತ್ತಿರಲಿಲ್ಲ. ಆದರೆ ಉರಿಯುತ್ತಿತ್ತು. ಹಗಲೂ ರಾತ್ರಿ, ಕಾದ ಎಣ್ಣೆಯಲ್ಲಿ ಅದ್ದಿದಂತೆ ಉರಿಯುತ್ತಿತ್ತು. ಕೈಯಿಂದ ಸುದ್ದಿ ಬಾರದೆ ಬೆನ್ನುಹುರಿ ತಾನೇ ಸುದ್ದಿ ಹುಟ್ಟಿಸಿಕೊಂಡು ಮಿದುಳಿಗೆ ಕೂಗುತ್ತಿದೆ ಎಂದು ಡಾಕ್ಟರು ವಿವರಿಸಿದ್ದರಂತೆ. ಮಾತ್ರೆ ನುಂಗಿದರೆ ಮಂಪರು, ನುಂಗದಿದ್ದರೆ ಉರಿ.

ಮನಸ್ಸಿಗೆ ಬದಲಾವಣೆಯಾಗಲಿ ಎಂದು ಯಾರೋ ಅವಳನ್ನು ನಮ್ಮಲ್ಲಿಗೆ ಕಳಿಸಿದ್ದರು. ಅವಳು ಆರಿಸಿಕೊಂಡ ಪಾತ್ರ ಕೆಂಚವ್ವ, ಕರಿಹೊಳೆಯಲ್ಲಿ ದೋಣಿ ನಡೆಸುವವಳು. ಎರಡೂ ಕೈಯಲ್ಲಿ ಹುಟ್ಟು ಹಾಕುವುದು ಅವಳಿಗೆ ಎಷ್ಟು ಇಷ್ಟವಿತ್ತೆಂದರೆ, ಜೊತೆಯವರು ಕೋಟೆ ಮುತ್ತಲು ಹೋದರೂ ಇವಳು ದೋಣಿ ಬಿಟ್ಟು ಬರುತ್ತಿರಲಿಲ್ಲ. ನೋವು ಪೂರ್ತಿ ಹೋಗುತ್ತಿರಲಿಲ್ಲ. ಅದು ಹಟಮಾರಿ, ತೂಬಿನ ಸಂದಿಯಲ್ಲಿ ಜಿನುಗುತ್ತಲೇ ಇತ್ತು. ನಡುನಡುವೆ ಅವಳು ಹಲ್ಲು ಕಚ್ಚುವುದು ನಮ್ಮ ಪರದೆಯಲ್ಲಿ ಕಾಣುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಜಲರಕ್ಕಸನೊಬ್ಬ ದೋಣಿಗೆ ಕೈಯಿಟ್ಟ. ಅದರಲ್ಲಿ ವೃಷಭೇಂದ್ರಪ್ಪನವರ ಪಾತ್ರವೂ ಇತ್ತು. ಅವರು ನಿವೃತ್ತ ಪೋಸ್ಟ್‌ಮಾಸ್ಟರ್, ಅರವತ್ತೂರಿನಲ್ಲಿ ಬಿಲ್ಲುಗಾರ. ಅವರನ್ನು ದಡಕ್ಕೆ ನೂಕಿ ಕೆಂಚವ್ವ ನೀರಿಗೆ ಬಿದ್ದಳು. ಅವಳು ಮುಳುಗಿದಳೆಂದು ನಾನು ಹೇಳಬೇಕಾಯಿತು. ಎರಡು ನಿಮಿಷವಾದ ಮೇಲೆ ಜುಬೇರ್ ಪಟ್ಟಿ ಬಿಚ್ಚಿದಾಗ ಮಂಗಳಗೌರಿ ಅಳುತ್ತಿದ್ದಳು. ಸಾಕಿದ ಪಾತ್ರ ಸತ್ತರೆ ಅಳುವವರು ಬಹಳ ಜನ. ನಾನು ಬೆನ್ನು ಸವರಿ ಕಳಿಸಿದೆ.

ಮರುವಾರ ಬಂದವಳೇ, ಕೆಂಚವ್ವನನ್ನು ಅಳಿದುಳಿದವಳನ್ನಾಗಿ ಮಾಡಿ ಎಂದಳು. ನಾನು ನನ್ನ ಸಿದ್ಧ ಉತ್ತರ ಒಪ್ಪಿಸಿದೆ. ಊರು ಬೇಡ, ಊಟ ಬೇಡ, ಹಿಂದಿರುಗುವುದೂ ಬೇಡ ಎಂದು ಅವಳು ಒಂದೊಂದಕ್ಕೂ ತಲೆಯಾಡಿಸಿದಳು. ಸಂತೆಯಲ್ಲಿ ಚೌಕಾಸಿ ಮಾಡದೆ ಕೊಳ್ಳುವವರನ್ನು ಕಂಡರೆ ಹೇಗೆ ಅನುಮಾನವಾಗುತ್ತದೋ ಹಾಗಾಯಿತು ನನಗೆ. ಯಾಕೆ ಬೇಕು ಎಂದು ನೇರವಾಗಿ ಕೇಳಿದೆ.

ಅವಳು ಎಡಗೈಯಿಂದ ಬಲಗೈಯನ್ನು ಮಡಿಲಿಗೆ ಎತ್ತಿಟ್ಟುಕೊಂಡಳು.

"ಆ ಎರಡ್ ನಿಮಿಷ ಕೈ ಸುಮ್ನಿತ್ತು, ಸೂತ್ರಮ್ಮ. ನಾಲ್ಕು ವರ್ಷದಲ್ಲಿ ಮೊದಲ್ನೇ ಸಲ."



ಜುಬೇರ್ ಆ ದಿನವೇ ಕೈಪಿಡಿ ತೆಗೆದು ನೋಡಿದ. ತೂಬನ್ನು ಪೂರ್ತಿ ಮುಚ್ಚಿ ಪರೀಕ್ಷೆ ಮಾಡಿದ್ದು ಹೆಚ್ಚೆಂದರೆ ನಲವತ್ತು ನಿಮಿಷ. ಅದೂ ಗಟ್ಟಿಮುಟ್ಟಾದವರ ಮೇಲೆ, ಒಂದೊಂದು ಸಲ ಮಾತ್ರ. ವಾರ ವಾರ ಮುಚ್ಚಿದರೆ ಏನಾಗುತ್ತದೆಂದು ಯಾರೂ ನೋಡಿರಲಿಲ್ಲ. ಪಟ್ಟಿ ತಯಾರಿಸಿದ ಕಂಪನಿಗೆ ಬರೆದ. ಅವರು ಮೂರು ವಾರ ಬಿಟ್ಟು ಒಂದೇ ಸಾಲಿನ ಉತ್ತರ ಕಳಿಸಿದರು: ಇದು ಮನರಂಜನೆಗೆ, ಚಿಕಿತ್ಸೆಗಲ್ಲ. ಆ ಮೂರು ವಾರವೂ ಮಂಗಳಗೌರಿ ಬಂದು ಕೆಳಗಿನ ಬೆಂಚಿನ ಮೇಲೆ ಕೂತು ಹೋಗುತ್ತಿದ್ದಳು. ಏನಾಯಿತೆಂದು ಕೇಳುತ್ತಿರಲಿಲ್ಲ. ನಾನು ಮೆಟ್ಟಿಲಿಳಿದು ಬರುವಾಗ ನನ್ನ ಮುಖ ನೋಡುತ್ತಿದ್ದಳು, ಅಷ್ಟೇ.

"ಮೇಡಂ, ಬಹಳ ದಿನ ಮುಚ್ಚಿಟ್ಟ ತೂಬು ಬೇಕಾದಾಗ ತೆರೀದೆ ಹೋದ್ರೆ?" ಎಂದ ಜುಬೇರ್. ಬೇಡ ಎಂದು ಮಾತ್ರ ಅವನು ಹೇಳಲಿಲ್ಲ. ಅವನೂ ಆ ಬೆಂಚನ್ನು ದಾಟಿಯೇ ಮೇಲೆ ಬರಬೇಕಿತ್ತು.

ವಾರಕ್ಕೆ ಎರಡು ಸಲ, ಸಲಕ್ಕೆ ನಲವತ್ತು ನಿಮಿಷ ಎಂದು ನಾನು ತೀರ್ಮಾನಿಸಿದೆ. ಜೊತೆಯ ಮೂವರು ಆಟಗಾರರಿಗೆ ವಿಷಯ ತಿಳಿಸಿದೆ. ಅಳಿದುಳಿದವರು ಆಟದಲ್ಲಿ ಸಾಮಾನ್ಯವಾಗಿ ಹಗೆಗಳು. ಬಿಲ್ಲುಗಾರ ಅವರನ್ನು ಕಂಡಲ್ಲಿ ಕೊಲ್ಲಬೇಕು. ಕೆಂಚವ್ವನಿಗೆ ಹಾಗಾಗದಂಥ ಕೆಲಸವೊಂದನ್ನು ನಾನು ಹುಡುಕಿದೆ. ಕರಿಹೊಳೆಯ ನಡುವೆ ಜೀವಂತರು ದಾಟಲಾಗದ ಒಂದು ಸುಳಿ ಇದೆ, ಸತ್ತವಳೊಬ್ಬಳೇ ಅಲ್ಲಿ ದೋಣಿ ನಡೆಸಬಲ್ಲಳು ಎಂದು ಕಥೆ ಕಟ್ಟಿದೆ. ದಡದಲ್ಲಿ ದೀಪವಿಟ್ಟು ಅವಳನ್ನು ಕರೆದವರು ವೃಷಭೇಂದ್ರಪ್ಪನವರೇ. ನೀರಿನೊಳಗಿಂದ ಕೆಂಚವ್ವ ಎದ್ದು ಬಂದಳು. ಪರದೆಯಲ್ಲಿ ಮಂಗಳಗೌರಿಯ ಮುಖ ಕಂಡು ಜುಬೇರ್ ನನ್ನ ತೋಳು ಮುಟ್ಟಿದ. ಹುಬ್ಬಿನ ನಡುವೆ ಯಾವಾಗಲೂ ಇರುತ್ತಿದ್ದ ಗೆರೆ ಇರಲಿಲ್ಲ. ಅವಳು ಅಷ್ಟು ಚಿಕ್ಕ ವಯಸ್ಸಿನವಳೆಂದು ನನಗೆ ಗೊತ್ತಾದದ್ದೇ ಆಗ.

ಎರಡು ತಿಂಗಳಾದ ಮೇಲೆ ಮಾದೇಶ ಬಂದ. ಅವನು ಪ್ಲಂಬರ್ ಕೆಲಸದವನು, ನಂಜನಗೂಡು ಕಡೆಯವನು. ಒಂದು ಚೀಲದ ತುಂಬ ರಸಬಾಳೆ ತಂದಿದ್ದ. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತ.

"ನಾಲ್ಕು ವರ್ಸದಿಂದ ಅವ್ಳು ಹಿಂಗೆ ಮಲ್ಗಿದ್ದ ನಾ ನೋಡೇ ಇಲ್ಲ ಕಣಮ್ಮ. ಬೆಳಿಗ್ಗೆ ಏಳ್ಸಕ್ಕೆ ಮನ್ಸು ಬರ್ನಿಲ್ಲ," ಎಂದ.

ಆಟ ಮುಗಿದ ಮೇಲೂ ಒಂದು ಗಂಟೆ ನೋವು ಬರುವುದಿಲ್ಲವೆಂದು ಮಂಗಳಗೌರಿ ಮೊದಮೊದಲು ಹೇಳಿದ್ದಳು. ಆಮೇಲೆ ಅದು ಮೂರು ಗಂಟೆಯಾಯಿತು. ದೀಪಾವಳಿಯ ಹೊತ್ತಿಗೆ ಮಾರನೆಯ ಬೆಳಗಿನವರೆಗೂ ಬರುತ್ತಿರಲಿಲ್ಲ. ಅದನ್ನು ಒಳ್ಳೆಯ ಸೂಚನೆ ಎಂದುಕೊಂಡೆವು. ಅವಳು ಇನ್ನೂ ಸ್ವಲ್ಪ ಹೊತ್ತು ಕೊಡಿ ಎಂದು ಕೇಳಿದಾಗ ನಲವತ್ತು ನಿಮಿಷವನ್ನು ಒಂದೂವರೆ ಗಂಟೆ ಮಾಡಿದೆ, ಎರಡು ದಿನವನ್ನು ಮೂರು ದಿನ ಮಾಡಿದೆ. ಜುಬೇರ್ ಒಮ್ಮೆ ಕೈಪಿಡಿ ನೆನಪಿಸಿದ. ಅವಳು ದೋಣಿಯಲ್ಲಿ ಹಾಡಲು ಶುರುಮಾಡಿದ್ದಾಳೆ, ಕೇಳಿದೆಯಾ ಎಂದು ನಾನು ಅವನಿಗೆ ಉತ್ತರ ಕೊಟ್ಟೆ.

ಕಾರ್ತಿಕ ಮಾಸದಲ್ಲಿ ಅವರ ಮಗಳು ಇಂಪನಳ ಎಂಟನೇ ಹುಟ್ಟುಹಬ್ಬಕ್ಕೆ ನನ್ನನ್ನು ಮನೆಗೆ ಕರೆದರು. ಮೇಟಗಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಗು ತನ್ನ ಹೊಸ ಲಂಗ ತೋರಿಸಿ, ಅಮ್ಮ ಈಗ ತನಗೆ ಒಂದೇ ಕೈಯಲ್ಲಿ ಜಡೆ ಹಾಕುತ್ತಾಳೆ, ತಾನು ಒಂದು ಎಳೆ ಹಿಡಿದುಕೊಳ್ಳಬೇಕು ಎಂದು ವಿವರಿಸಿತು. ಮಂಗಳಗೌರಿ ಒಳಗಿಂದ ಕಾಫಿ ತಂದಳು. ಸ್ಟೀಲ್ ಲೋಟ, ಹಬೆಯಾಡುತ್ತಿತ್ತು. ನಾನು ಸೆರಗಿನಲ್ಲಿ ಹಿಡಿದರೂ ಬೆರಳು ಚುರ್ ಎಂದು ಕೆಳಗಿಡಬೇಕಾಯಿತು. ಅವಳು ತನ್ನ ಲೋಟವನ್ನು ಎಡಗೈಯ ಅಂಗೈ ತುಂಬ ಹಿಡಿದುಕೊಂಡು, ಮಗುವಿನ ಸ್ಕೂಲಿನ ಸುದ್ದಿ ಹೇಳುತ್ತಿದ್ದಳು. ಅಂಗೈಯ ಅಂಚಿನಲ್ಲಿ ಒಂದು ಬೊಬ್ಬೆಯ ಕಲೆಯಿತ್ತು, ಅದರ ಪಕ್ಕ ಇನ್ನೊಂದು ಹಸಿಯಾಗಿತ್ತು.

ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳೆಂದು ಅನಿಸಿತು. ಅಡುಗೆ ಮನೆಯಲ್ಲಿ ಒಂದೇ ಕೈಯಲ್ಲಿ ಕೆಲಸ ಮಾಡುವವರಿಗೆ ಸುಟ್ಟುಕೊಳ್ಳುವುದು ಸಹಜ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದೆ. ಜುಬೇರನಿಗೆ ಹೇಳಲಿಲ್ಲ.

ಇದಾಗಿ ಐದು ವಾರಕ್ಕೆ ಒಂದು ಶನಿವಾರ. ಮಾದೇಶ ಹುಣಸೂರಿನ ಒಂದು ಕಟ್ಟಡದ ಕೆಲಸಕ್ಕೆ ಹಿಂದಿನ ದಿನವೇ ಹೋಗಿದ್ದ. ಮಗು ಬೆಳಿಗ್ಗೆ ಎದ್ದು ತಲೆನೋವು ಎಂದಿತಂತೆ. ಮಂಗಳಗೌರಿ ಹಣೆ ಮುಟ್ಟಿ ನೋಡಿ, ಏನಿಲ್ಲ, ತಣ್ಣಗಿದೆ, ಸ್ವಲ್ಪ ಮಲಗು ಎಂದಳು. ಗಂಜಿ ಕುಡಿಸಿದಳು. ಮಧ್ಯಾಹ್ನ ಮತ್ತೊಮ್ಮೆ ಮುಟ್ಟಿ ನೋಡಿದಳು. ಪಕ್ಕದ ಮನೆಯ ಖುರ್ಷಿದಮ್ಮನಿಗೆ ಒಂದು ಮಾತು ಹೇಳಿ, ಬಸ್ಸು ಹತ್ತಿ ನಮ್ಮಲ್ಲಿಗೆ ಬಂದಳು. ಎರಡೂವರೆಗೆ ಪಟ್ಟಿ ಕಟ್ಟಿದೆವು. ಆ ದಿನ ಕೆಂಚವ್ವ ಸುಳಿಯಾಚೆ ಸಿಕ್ಕಿಕೊಂಡಿದ್ದ ಮಾಟಗಾತಿಯ ತಂಗಿಯನ್ನು ಈಚೆ ದಡಕ್ಕೆ ತಂದಳು. ತುಂಬ ಚೆನ್ನಾಗಿ ಆಡಿದಳು.

ನಾಲ್ಕು ಗಂಟೆಗೆ ಅವಳು ಹೊರಬಂದು ಫೋನ್ ತೆಗೆದರೆ ಹದಿನಾರು ಕರೆಗಳಿದ್ದವು. ಮೂರು ಗಂಟೆಗೆ ಖುರ್ಷಿದಮ್ಮ ಮಗುವನ್ನು ನೋಡಲು ಹೋಗಿದ್ದರು. ಮೈ ಕೆಂಡವಾಗಿತ್ತು, ಕತ್ತು ಸೆಟೆದಿತ್ತು, ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಅವರೇ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಕೊಂಡೊಯ್ದಿದ್ದರು. ಮಿದುಳು ಜ್ವರ ಎಂದರು. ಜ್ವರ ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು. ಮಂಗಳಗೌರಿ, ಬೆಳಿಗ್ಗೆ ತಣ್ಣಗಿದ್ದಳು, ಮಧ್ಯಾಹ್ನವೂ ತಣ್ಣಗಿದ್ದಳು ಎಂದಳು. ಹಾಗಿರಲು ಸಾಧ್ಯವಿಲ್ಲ, ಕಡಿಮೆಯೆಂದರೂ ಹಿಂದಿನ ಸಂಜೆಯಿಂದ ಸುಡುತ್ತಿರಬೇಕು ಎಂದರು ಅವರು. ಅವರು ಗದರಲಿಲ್ಲ. ಕಾಗದದಲ್ಲಿ ಬರೆದುಕೊಂಡು ಒಳಗೆ ಹೋದರು.

ಮರುದಿನ ನಾನು ಹೋದಾಗ ಅವಳು ವಾರ್ಡಿನ ಹೊರಗೆ ಕಲ್ಲುಬೆಂಚಿನ ಮೇಲಿದ್ದಳು. ಹಿಂದಿನ ಸಂಜೆಯಿಂದ ಪಟ್ಟಿಯಿಲ್ಲದ್ದರಿಂದ ಬಲಗೈಯಲ್ಲಿ ಉರಿ ಮೆಲ್ಲಗೆ ಶುರುವಾಗಿತ್ತೋ ಏನೋ, ಅದನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಎಡ ಅಂಗೈಯನ್ನು ಬಿಡಿಸಿ ನೋಡುತ್ತಿದ್ದಳು.

"ನಾನು ಮುಟ್ಟಿ ನೋಡಿದ್ದೆ, ಸೂತ್ರಮ್ಮ," ಎಂದಳು. "ಮುಟ್ಟಿ ನೋಡಿ ತಣ್ಣಗಿದೆ ಅಂದೆ. ಅವಳು ನನ್ನ ಮಾತು ನಂಬ್ಕೊಂಡು ಮಲಗಿದ್ಲು."

ಎಡಗೈಗೆ ಬಿಸಿ ತಿಳಿಯದೆ ಎರಡು ತಿಂಗಳಾಗಿತ್ತು. ಮೊದಮೊದಲು ಆಟ ಮುಗಿದು ಅರ್ಧ ಗಂಟೆಯಲ್ಲಿ ಆ ಅರಿವು ಮರಳಿ ಬರುತ್ತಿತ್ತಂತೆ. ಆಮೇಲೆ ಸಂಜೆಗೆ, ಆಮೇಲೆ ಬರಲೇ ಇಲ್ಲ. ಹೇಳಿದರೆ ನಾವು ಆಟ ನಿಲ್ಲಿಸುತ್ತೇವೆಂದು ಹೇಳಿರಲಿಲ್ಲ. ಒಲೆಯ ಹತ್ತಿರ ಹುಷಾರಾಗಿರುತ್ತಿದ್ದಳು, ಸ್ನಾನದ ನೀರನ್ನು ಮಗುವಿನಿಂದಲೇ ಮುಟ್ಟಿಸಿ ನೋಡುತ್ತಿದ್ದಳು. ಹಣೆ ಮುಟ್ಟುವಾಗ ಮಾತ್ರ ನೆನಪಾಗಲಿಲ್ಲ. ಅದು ಅಭ್ಯಾಸದಿಂದ ಹೋದ ಕೈ.

ಹುಟ್ಟುಹಬ್ಬದ ದಿನ ನೀನು ಬಿಸಿ ಲೋಟ ಹಿಡಿದದ್ದನ್ನು ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ ಎಂದು ನಾನು ಹೇಳಿದೆ. ಹೇಳದಿದ್ದರೆ ಅವಳ ಪಕ್ಕ ಕೂರುವುದಕ್ಕೆ ನನಗೆ ಸಾಧ್ಯವಾಗುತ್ತಿರಲಿಲ್ಲ.

"ನೀವು ನೋಡಿದ್ದು ನಂಗೊತ್ತು," ಎಂದಳು. "ನೀವು ಕೇಳ್ಬಾರ್ದು ಅಂತ ಆವತ್ತು ದೇವರನ್ನ ಬೇಡ್ಕೊಂಡೆ."

ಇಂಪನ ಹನ್ನೊಂದನೆಯ ದಿನ ಕಣ್ಣು ಬಿಟ್ಟು ನೀರು ಕೇಳಿದಳು. ಎಲ್ಲರೂ ಅತ್ತೆವು. ಆದರೆ ಯಾರ ಮಾತಿಗೂ ಅವಳು ಉತ್ತರ ಕೊಡದಿದ್ದುದನ್ನು ಮೊದಲು ಗಮನಿಸಿದವಳು ನರ್ಸ್. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಅರ್ಧ ಉಳಿದಿತ್ತು. ಒಂದು ದಿನ ಮೊದಲು ತಂದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಮಾದೇಶ ಕೇಳಿದ. ಆಗುತ್ತಿತ್ತೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ಆ ಉತ್ತರ ಅವನಿಗೆ ಬೇಕಿರಲಿಲ್ಲ.

ಅವನು ನನ್ನನ್ನು ಬಯ್ಯಲಿ ಎಂದು ಕಾಯುತ್ತಿದ್ದೆ. ಆಸ್ಪತ್ರೆಯ ಗೇಟಿನ ಹತ್ತಿರ ಟೀ ಅಂಗಡಿಯಲ್ಲಿ ಒಬ್ಬನೇ ಸಿಕ್ಕಾಗ ನಾನೇ ಮಾತು ತೆಗೆದೆ. ಅವನು ಖಾಲಿ ಲೋಟವನ್ನು ಬಹಳ ಹೊತ್ತು ತಿರುಗಿಸಿದ.

"ಸ್ಕೂಟರ್ ಓಡುಸ್ತಿದ್ದವ್ನು ನಾನು ಕಣಮ್ಮ," ಎಂದ. "ನಿಮ್ಮುನ್ನ ಯಾವ ಬಾಯಲ್ಲಿ ಬಯ್ಲಿ."

ಮಗು ಮನೆಗೆ ಹೋದ ವಾರವೇ ಮಂಗಳಗೌರಿ ನಮ್ಮಲ್ಲಿಗೆ ಬಂದು, ತನ್ನನ್ನು ಮತ್ತೆ ಬದುಕಿಸಿ ಎಂದಳು. ಮುಟ್ಟಿದರೆ ತಿಳಿಯಬೇಕು, ಅದಕ್ಕೆ ಏನಾದರೂ ಆಗಲಿ ಎಂದಳು. ಜುಬೇರ್ ಹಗಲೆಲ್ಲ ಕೂತು ಲೆಕ್ಕ ಹಾಕಿದ್ದ. ಜಡವಾದ ತೂಬನ್ನು ತೆರೆಯಲು ಇರುವುದು ಒಂದೇ ದಾರಿ: ಜೀವಂತ ಪಾತ್ರವಾಗಿ ಆಡಿಸಿ, ಬಿಸಿ, ತಂಪು, ಒರಟು, ನಯ ಎಲ್ಲವನ್ನೂ ಜೋರಾಗಿ ಕಳಿಸುತ್ತ, ದಿನಕ್ಕಿಷ್ಟು ಎಂದು ತಡೆ ಸಡಿಲಿಸುವುದು. ಮೊದಲು ನುಗ್ಗಿ ಬರುವುದು ನೋವೇ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಮಾತ್ರೆ ತೆಗೆದುಕೊಂಡು ಮಾಡುವಂತಿಲ್ಲ, ನರ ಮಂಕಾಗುತ್ತದೆ ಎಂದೂ ಹೇಳಿದ. ಅವಳು ಆಗಲಿ ಎಂದಳು.

ಆಟದ ನಿಯಮ ಅಡ್ಡ ಬಂತು. ಅಳಿದುಳಿದವರು ಜೀವಂತರಾಗುವುದನ್ನು ಯಂತ್ರ ಒಪ್ಪುತ್ತಿರಲಿಲ್ಲ. ಕೆಂಚವ್ವ ಪೂರ್ತಿಯಾಗಿ ಸಾಯಬೇಕು, ಆಮೇಲೆ ಮಂಗಳಗೌರಿ ಹೊಸ ಪಾತ್ರವಾಗಿ ಹುಟ್ಟಬೇಕು. ಗುಂಡಿ ಒತ್ತಿ ಅಳಿಸಿಬಿಡಬಹುದಿತ್ತು. ಅವಳು ಬೇಡವೆಂದಳು. ಎಲ್ಲರ ಮುಂದೆ ಕಳಿಸಿಕೊಡಿ ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ನಾಲ್ವರೂ ಬಂದರು. ಕರಿಹೊಳೆಯ ದಡದಲ್ಲಿ ಬಿಸಿಲಿತ್ತು ಎಂದು ನಾನು ಹೇಳಿದೆ. ಕೆಂಚವ್ವ ದೋಣಿಯಲ್ಲಿ ಮಲಗಿದಳು. ಹುಟ್ಟುಗಳನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೀಯಾ ಎಂದು ಕೇಳಿದೆ. ಬೇಡ, ಮುಂದೆ ಬರುವವರಿಗಿರಲಿ ಎಂದಳು. ವೃಷಭೇಂದ್ರಪ್ಪನವರು ನೀರಿಗಿಳಿದು ದೋಣಿ ನೂಕಬೇಕಿತ್ತು. ಅವರು ಎರಡು ಸಲ ಕೈಯಿಟ್ಟು ಹಿಂದೆಗೆದರು.

"ನೂಕಿ ಸಾರ್," ಎಂದಳು ಕೆಂಚವ್ವ. "ನನ್ ಮಗಳು ಕಾಯ್ತಿದಾಳೆ."

ಅವರು ನೂಕಿದರು. ದೋಣಿ ಸುಳಿಯನ್ನು ತಲುಪಿತು ಎಂದು ನಾನು ಹೇಳಬೇಕಿತ್ತು. ಮೂವತ್ತು ವರ್ಷ ಮೈಕಿನ ಮುಂದೆ ಒಮ್ಮೆಯೂ ತಪ್ಪದ ನನ್ನ ದನಿ ಅಲ್ಲಿ ನಿಂತುಹೋಯಿತು. ಎಲ್ಲರೂ ಕಾಯುತ್ತಿದ್ದರು. ಕೊನೆಗೆ ಹೇಳಿದೆ.

ಹೊಸ ಪಾತ್ರಕ್ಕೆ ಅವಳು ಹೆಸರಿಡಲಿಲ್ಲ. ಅದು ಆಟವೂ ಆಗಿರಲಿಲ್ಲ. ನಾನು ಕಾದ ಮರಳು ಎನ್ನುತ್ತಿದ್ದೆ, ಬಾವಿಯ ನೀರು ಎನ್ನುತ್ತಿದ್ದೆ, ಆಗತಾನೆ ಸುಟ್ಟ ರೊಟ್ಟಿ, ಕರುವಿನ ಮೂತಿ ಎನ್ನುತ್ತಿದ್ದೆ. ಜುಬೇರ್ ಒಂದೊಂದು ಎಳೆ ತಡೆ ತೆಗೆಯುತ್ತಿದ್ದ. ಎರಡನೆಯ ದಿನ ಬಲಗೈಯ ಉರಿ ಪೂರ್ತಿಯಾಗಿ ಬಂತು. ಇಷ್ಟು ತಿಂಗಳು ತಡೆದಿಟ್ಟದ್ದೆಲ್ಲ ಸೇರಿಯೇ ಬಂದಂತಿತ್ತು. ಅವಳು ಕುರ್ಚಿಯಲ್ಲಿ ಬಿಲ್ಲಿನಂತೆ ಬಾಗಿದಳು. ನಾನು ಮೈಕ್ ಬಿಟ್ಟು ಓಡಿಹೋದೆ. ನಿಲ್ಲಿಸಲೇ ಎಂದರೆ ತಲೆ ಅಡ್ಡಡ್ಡ ಆಡಿಸಿದಳು. ಮೆಟ್ಟಿಲ ಮೇಲೆ ಕೂತಿದ್ದ ಮಾದೇಶ ಎರಡೂ ಕಿವಿ ಮುಚ್ಚಿಕೊಂಡಿದ್ದ. ಒಳಗಿನಿಂದ ಸದ್ದೇನೂ ಬರುತ್ತಿರಲಿಲ್ಲ, ಅವಳು ಕೂಗಿರಲಿಲ್ಲ.

ಹೀಗೆ ಇಪ್ಪತ್ತಮೂರು ದಿನ ಮಾಡಿದೆವು. ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಬಿಸಿ ತಿಳಿಯತೊಡಗಿತು. ಅಂಗೈಗೆ ತಿಳಿಯಲಿಲ್ಲ. ಇನ್ನು ಮಾಡಿದರೆ ಪ್ರಯೋಜನವಿಲ್ಲ ಎಂದು ಜುಬೇರ್ ತಲೆ ತಗ್ಗಿಸಿ ಹೇಳಿದ. ನೋವು ಮಾತ್ರ ಒಂದಿಷ್ಟೂ ಬಾಕಿಯಿಲ್ಲದೆ ಬಂದಿತ್ತು. ಎರಡು ಬೆರಳಾದರೂ ಬಂತಲ್ಲ ಎಂದು ಅವಳೇ ಅವನಿಗೆ ಸಮಾಧಾನ ಹೇಳಿದಳು.

ನಡೆದದ್ದನ್ನೆಲ್ಲ ನಾವು ಬರೆದು ಕಂಪನಿಗೂ ಆಸ್ಪತ್ರೆಗೂ ಕೊಟ್ಟೆವು. ಅಷ್ಟು ಹೊತ್ತು ತೂಬು ಮುಚ್ಚಿಸಿದವಳು ನಾನೇ ಎಂದು ಮೊದಲ ಸಾಲಿನಲ್ಲೇ ಬರೆದೆ. ಎರಡು ತಿಂಗಳಲ್ಲಿ ಅಳಿದುಳಿದವರೆಂಬ ಬಗೆಯನ್ನೇ ಆಟದಿಂದ ತೆಗೆದರು. ಸತ್ತವರ ಎರಡು ನಿಮಿಷವನ್ನೂ ತೆಗೆದು, ಬರಿಯ ಕತ್ತಲೆ ಕಾಣಿಸುವಂತೆ ಮಾಡಿದರು. ನಮ್ಮಲ್ಲಿದ್ದ ಹಳೆಯ ಪಟ್ಟಿಗಳನ್ನು ಹಿಂದಿರುಗಿಸಲು ಹೇಳಿದರು. ಏಳನ್ನು ಕಳಿಸಿದೆವು. ಎಂಟನೆಯದು ಕೆಟ್ಟಿದೆ ಎಂದು ಮೂಲೆಯ ಕಪಾಟಿನಲ್ಲಿ ಬಿದ್ದಿತ್ತು. ಅದು ಕೆಟ್ಟಿರಲಿಲ್ಲವೆಂದು ಜುಬೇರನಿಗೂ ನನಗೂ ಗೊತ್ತಿತ್ತು. ಯಾಕೆ ಇಟ್ಟುಕೊಂಡೆವೆಂದು ನಾವು ಮಾತಾಡಿಕೊಂಡಿರಲಿಲ್ಲ.

ಮುಂದಿನ ವೈಶಾಖದಲ್ಲಿ ಒಂದು ಬುಧವಾರ, ಆಟವಿಲ್ಲದ ಹೊತ್ತಿನಲ್ಲಿ, ಮಂಗಳಗೌರಿ ಒಬ್ಬಳೇ ಬಂದಳು. ಮುಖ ಬಿಳಿಚಿತ್ತು. ಇಂಪನಳನ್ನು ತುಟಿ ನೋಡಿ ಮಾತು ತಿಳಿಯುವ ತರಗತಿಗೆ ಬಿಟ್ಟು ಬಂದೆ, ಮೂರು ಗಂಟೆಗೆ ಕರೆದುಕೊಂಡು ಹೋಗಬೇಕು ಎಂದಳು. ನೀರು ಕೊಟ್ಟೆ. ಲೋಟವನ್ನು ಎರಡು ಬೆರಳಲ್ಲಿ ಮೊದಲು ಮುಟ್ಟಿ, ಆಮೇಲೆ ಹಿಡಿದಳು. ಮಗು ಹೇಗೆ ಕಲಿಯುತ್ತಿದೆ ಎಂದು ಕೇಳಿದೆ. ಚೆನ್ನಾಗಿ ಕಲಿಯುತ್ತಿದ್ದಾಳೆ, ಆದರೆ ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಎಂದಳು. ಆಮೇಲೆ ಕುರ್ಚಿಗಳ ಕಡೆ ನೋಡಿದಳು.

"ಒಂದೇ ಒಂದ್ ಸಲ, ಸೂತ್ರಮ್ಮ. ಹತ್ತು ನಿಮಿಷ. ಮೂರು ದಿನದಿಂದ ಬಿಟ್ಟಿಲ್ಲ ಇದು."

ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಹತ್ತು ನಿಮಿಷದಿಂದ ಏನೂ ಆಗದೆ ಇರಬಹುದು. ಎರಡು ಬೆರಳು ಹೋಗಲೂಬಹುದು. ಯಾರಿಗೂ ಗೊತ್ತಿಲ್ಲದ ವಿಷಯ ಅದು.

ಪಟ್ಟಿಗಳನ್ನೆಲ್ಲ ಕಂಪನಿ ಕೊಂಡೊಯ್ದಿತು, ಒಂದೂ ಇಲ್ಲ ಎಂದೆ. ನನ್ನ ಬದುಕಿನಲ್ಲಿ ಯಾರಿಗೂ ಅಷ್ಟು ಚೆನ್ನಾಗಿ ಸುಳ್ಳು ಹೇಳಿರಲಿಲ್ಲ. ಅವಳು ನನ್ನ ಮುಖವನ್ನು ನೋಡುತ್ತಲೇ ಇದ್ದಳು. ಆಮೇಲೆ ಕಣ್ಣು ಮುಚ್ಚಿ, ಬಲಗೈಯನ್ನು ಎದೆಗೊತ್ತಿಕೊಂಡು, ಹಿಂದಕ್ಕೂ ಮುಂದಕ್ಕೂ ತೂಗತೊಡಗಿದಳು. ನಾನು ಅವಳ ಹಿಂದೆ ನಿಂತು ಬೆನ್ನು ಹಿಡಿದುಕೊಂಡೆ. ಉಸಿರು ಬಿಗಿಹಿಡಿದಾಗಲೆಲ್ಲ ಬೆನ್ನು ಕಲ್ಲಾಗುತ್ತಿತ್ತು. ಹಾಗೆ ಎಷ್ಟು ಹೊತ್ತು ಇದ್ದೆವೋ. ಎರಡೂಮುಕ್ಕಾಲಿಗೆ ಅವಳು ಎದ್ದು ಮುಖ ತೊಳೆದುಕೊಂಡು ಬಂದಳು. ಅಳುತ್ತಿದ್ದಳೆಂದು ಮಗುವಿಗೆ ಗೊತ್ತಾಗಬಾರದು, ಈಗ ಅವಳು ಎಲ್ಲರ ಮುಖವನ್ನೂ ಬಹಳ ನೋಡುತ್ತಾಳೆ ಎಂದಳು.

ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ನಿಂತಳು.

"ನೀವು ಕೊಡಲ್ಲ ಅಂತ ಗೊತ್ತಿತ್ತು," ಎಂದಳು. "ಬೇರೆ ಯಾರನ್ನ ಕೇಳ್ಲಿ ಹೇಳಿ."

ಅವಳು ಮೆಟ್ಟಿಲಿಳಿದು ಹೋದಳು. ಜುಬೇರ್ ಬಂದ ಮೇಲೆ ನಾನು ಕಪಾಟು ತೆಗೆದು ಆ ಪಟ್ಟಿಯನ್ನು ಅವನ ಕೈಗೆ ಕೊಟ್ಟೆ. ಅವನು ಇಕ್ಕಳ ತಂದು, ಮೇಜಿನ ಮೇಲಿಟ್ಟು, ಅದನ್ನು ತುಂಡು ತುಂಡಾಗಿ ಕತ್ತರಿಸಿದ.